ಚಳಿ ಕಾಯಿಸುವ ಬೆಂಕಿ

ಮಾರ್ಗಶಿರ, ಪುಷ್ಯ ಮಾಸಗಳು ಬಂದುವೆಂದರೆ ಉತ್ತರ ಹಿಂದುಸ್ಥಾನದ ಊರುಗಳಿಂದ ಬರುವ ವರ್ತಮಾನಗಳಲ್ಲಿ ಒಂದು ಬಗೆಯದು ಪ್ರತಿವರ್ಷವೂ ತಪ್ಪದೆ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲವೆಂದು ಒಂದು ದಿನ. ವಿದ್ಯುತ್ ಹೀಟರಿನ ಮೇಲೆ ಹೊದಿಕೆ ಜಾರಿಬಿದ್ದು ಮನೆ ಹೊತ್ತಿಕೊಂಡಿತೆಂದು ಇನ್ನೊಂದು ದಿನ. ಪತ್ರಿಕೆಗಳು ಅದಕ್ಕೆ ಆರೇಳು ಸಾಲುಗಳ ಸ್ಥಳವನ್ನು ಕೊಡುತ್ತವೆ. ನಾವೂ ಅದಕ್ಕೆ ಹೊರತಲ್ಲ. ಆ ಆರೇಳು ಸಾಲುಗಳ ಕೊನೆಯಲ್ಲಿ, ಅಜಾಗರೂಕತೆಯೇ ಈ ಅನಾಹುತಕ್ಕೆ ಕಾರಣವೆಂದು ತಿಳಿದುಬಂದಿದೆ ಎಂಬ ವಾಕ್ಯವೊಂದು ಬಂದು ಕುಳಿತುಕೊಳ್ಳುತ್ತದೆ. ಅಲ್ಲಿಗೆ ವಿಚಾರಣೆಯು ಮುಗಿದಂತೆಯೇ ಸರಿ. ಸತ್ತವನದೇ ತಪ್ಪೆಂದ ಮೇಲೆ ಇನ್ನಾರನ್ನು ಕೇಳುವುದು? ಈ ಕೊನೆಯ ವಾಕ್ಯವನ್ನು ಕುರಿತೇ ನಾವು ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಅಜಾಗರೂಕತೆಯೆಂಬ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಬೇಕಾದರೆ, ಸಾಂಗವಾಗಿ ವಿಚಾರಣೆಗೆ ಬಂದ ಒಂದು ಪ್ರಸಂಗವನ್ನು ತೆಗೆದುಕೊಳ್ಳುವುದು ಲೇಸು. ೨೦೨೨ನೆಯ ಇಸವಿ ಜನವರಿ ೯ನೆಯ ತಾರೀಖು, ಭಾನುವಾರ ಬೆಳಗ್ಗೆ, ಅಮೆರಿಕೆಯ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ ಟ್ವಿನ್ ಪಾರ್ಕ್ಸ್ ಎಂಬ ೧೯ ಅಂತಸ್ತುಗಳ ವಸತಿಗೃಹದಲ್ಲಿ ಬೆಂಕಿ ಕಾಣಿಸಿಕೊಂಡಿತು. ಕೆಳ ಅಂತಸ್ತಿನ ಒಂದು ಮನೆಯ ಮಲಗುವ ಕೋಣೆಯಲ್ಲಿ ಇರಿಸಿದ್ದ ಸಣ್ಣದೊಂದು ವಿದ್ಯುತ್ ಹೀಟರೇ ಅದರ ಮೂಲ. ಆ ಹೀಟರು ದಿನಗಟ್ಟಲೆ ಎಡೆಬಿಡದೆ ಉರಿಯುತ್ತಿದ್ದಿತೆಂದು ಅಗ್ನಿಶಾಮಕ ದಳದವರು ತಿಳಿಸಿದರು. ಅಂದು ಸತ್ತವರು ೧೭ ಮಂದಿ. ಅವರಲ್ಲಿ ೮ ಮಂದಿ ಮಕ್ಕಳು. ಪಶ್ಚಿಮ ಆಫ್ರಿಕೆಯ ಗಾಂಬಿಯಾ ದೇಶದಿಂದ ಹೊಟ್ಟೆಪಾಡಿಗಾಗಿ ಬಂದು ನೆಲಸಿದ ಸಂಸಾರಗಳೇ ಆ ಕಟ್ಟಡದಲ್ಲಿ ಬಹಳವಾಗಿದ್ದುವು.

ಇಷ್ಟನ್ನೇ ಓದಿದವರು, ಹೀಟರನ್ನು ಹಾಗೆ ದಿನಗಟ್ಟಲೆ ಬಿಡಬಹುದೇ ಎಂದು ಕೇಳುವುದು ಸಹಜ. ಆದರೆ ಮುಂದಿನ ಸಂಗತಿಯನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಬೆಂಕಿಯು ಆ ಒಂದು ಮನೆಯನ್ನೂ ಅದರ ಹೊರಗಿನ ಓಣಿಯನ್ನೂ ಬಿಟ್ಟು ಆಚೆಗೆ ಹೋಗಲೇ ಇಲ್ಲ. ಜ್ವಾಲೆಯು ಸುಟ್ಟುದು ಸ್ವಲ್ಪ. ಹೊಗೆಯು ಕೊಂದುದು ಬಹಳ. ಸತ್ತವರೆಲ್ಲರೂ ಹೊಗೆಯನ್ನು ಕುಡಿದು ಸತ್ತವರು, ಮತ್ತು ಅನೇಕರು ಬೆಂಕಿಯ ಸಮೀಪದಲ್ಲಿಯೂ ಇರದೆ ಮೇಲಣ ಅಂತಸ್ತುಗಳಲ್ಲಿ ಇದ್ದವರು. ಆ ನಗರದ ಕಾನೂನಿನ ಪ್ರಕಾರ ಅಂಥ ಕಟ್ಟಡಗಳ ಮನೆಬಾಗಿಲುಗಳು, ಮೆಟ್ಟಿಲಿನ ಬಾಗಿಲುಗಳು, ಬಿಟ್ಟ ಕೂಡಲೆ ತಾವಾಗಿಯೇ ಮುಚ್ಚಿಕೊಳ್ಳತಕ್ಕವುಗಳಾಗಿರಬೇಕು. ಮನೆಯವರು ಬೆಂಕಿಗೆ ಹೆದರಿ ಹೊರಗೋಡಿದಾಗ ಆ ಮನೆಯ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮೇಲೆ ೧೫ನೆಯ ಅಂತಸ್ತಿನ ಮೆಟ್ಟಿಲಿನ ಬಾಗಿಲೂ ತೆರೆದೇ ಇದ್ದಿತು. ಹೀಗೆ ಕೆಳಗೊಂದು, ಮೇಲೊಂದು ಬಾಗಿಲು ತೆರೆದುದರಿಂದ ಮೆಟ್ಟಿಲಿನ ಬಾವಿಯೇ ಹೊಗೆಗೂಡಾಗಿ ಪರಿಣಮಿಸಿ, ಹೊಗೆಯನ್ನು ಮೇಲಕ್ಕೆ ಎಳೆದುಕೊಂಡಿತು. ಎಚ್ಚರಿಕೆಯ ಗಂಟೆಯೇನೋ ಬಾರಿಸಿತು. ಆದರೆ ಆ ಕಟ್ಟಡದಲ್ಲಿ ಗಂಟೆಯು ಕಾರಣವಿಲ್ಲದೆ ಬಾರಿಸುವುದು ನಿತ್ಯದ ಮಾತಾಗಿದ್ದುದರಿಂದ ಮೊದಲು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲವೆಂದು ನಿವಾಸಿಗಳು ಹೇಳಿದರು.

ಹೀಟರನ್ನು ಹಚ್ಚಿಟ್ಟವರ ತಪ್ಪು ಒಂದು ಕೋಣೆಯನ್ನು ಸುಟ್ಟಿತು. ಹದಿನೇಳು ಜೀವಗಳನ್ನು ತೆಗೆದುಕೊಂಡ ತಪ್ಪು ಆ ಬಾಗಿಲುಗಳದು. ಅವನ್ನು ದುರಸ್ತಿಯಲ್ಲಿಡುವ ಭಾರ ಆ ಮನೆಯವರ ಮೇಲೆ ಇದ್ದಿಲ್ಲ.

ಇನ್ನು ಹೀಟರು ಅಲ್ಲಿಗೆ ಏಕೆ ಬಂದಿತೆಂಬ ಪ್ರಶ್ನೆಯೂ ಇದೆ. ನ್ಯೂಯಾರ್ಕಿನಲ್ಲಿ ಅಕ್ಟೋಬರ್ ಒಂದರಿಂದ ಮೇ ಕೊನೆಯವರೆಗೆ ಮನೆಯನ್ನು ಬೆಚ್ಚಗಿಡುವುದು ಬಾಡಿಗೆ ತೆಗೆದುಕೊಳ್ಳುವವನ ಕರ್ತವ್ಯ. ಹೊರಗಣ ಉಷ್ಣಮಾನವು ೫೫ ಡಿಗ್ರಿ ಫಾರೆನ್‌ಹೀಟಿಗಿಂತ ಕೆಳಗಿಳಿದರೆ ಹಗಲಿನಲ್ಲಿ ಮನೆಯ ಒಳಗೆ ೬೮ ಡಿಗ್ರಿ, ಎಂದರೆ ಸುಮಾರು ೨೦ ಸೆಲ್ಸಿಯಸ್, ಇರಲೇಬೇಕು. ರಾತ್ರಿಯಲ್ಲಿ ಹೊರಗೆ ಎಷ್ಟೇ ಇರಲಿ, ಒಳಗೆ ೬೨ಕ್ಕಿಂತ ಕಡಿಮೆಯಾಗಕೂಡದು. ಟ್ವಿನ್ ಪಾರ್ಕ್ಸಿನಲ್ಲಿ ಕಟ್ಟಡದ ಬಿಸಿಯ ವ್ಯವಸ್ಥೆಯು ಆ ದಿನ ನಡೆಯುತ್ತಿದ್ದಿತು, ಹೀಟರು ಅದರ ಮೇಲಣ ಪೂರಕ ಮಾತ್ರವೆಂದು ಅಧಿಕಾರಿಗಳು ಹೇಳಿದರು. ಸಾಕಷ್ಟು ಬಿಸಿ ಬರುತ್ತಿರಲಿಲ್ಲವೆಂದು ನಿವಾಸಿಗಳು ಹೇಳಿದರು. ಎರಡೂ ಮಾತು ಏಕಕಾಲದಲ್ಲಿ ನಿಜವಾಗಿರಲು ಅಡ್ಡಿಯಿಲ್ಲ. ಬೆಚ್ಚಗಿರುವ ಮನೆಯಲ್ಲಿ ಯಾರೂ ಹೆಚ್ಚಿನ ಹೀಟರನ್ನು ಕೊಂಡು ವಿದ್ಯುತ್ತಿನ ಖರ್ಚನ್ನು ಮೈಮೇಲೆ ಹಾಕಿಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಲೋಕಾನುಭವವುಳ್ಳ ಯಾರೂ ಒಪ್ಪುವರು. ಅದೇ ವರ್ಷ ಆ ನಗರಸಭೆಯು ಹೊಸ ಕಟ್ಟಳೆಗಳನ್ನು ಮಾಡಿತು: ಮಗುಚಿ ಬಿದ್ದರೆ ಅಥವಾ ಅತಿಯಾಗಿ ಕಾಯ್ದರೆ ತಾನಾಗಿ ಆರಿಹೋಗುವ ಏರ್ಪಾಡಿಲ್ಲದ ವಿದ್ಯುತ್ ಹೀಟರನ್ನು ಮಾರಕೂಡದು, ತಾನಾಗಿ ಮುಚ್ಚಿಕೊಳ್ಳದ ಬಾಗಿಲುಗಳ ವಿಷಯದಲ್ಲಿ ಒಡೆಯರನ್ನು ಬಿಗಿಯಾಗಿ ಹಿಡಿಯಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತೆಂದು ನಾವು ನಗಬಹುದು. ಆದರೆ ಬಾವಿಯನ್ನಾದರೂ ತೋಡಿದರು. ನಮ್ಮಲ್ಲಿ ಅದೂ ಆಗಲಿಲ್ಲ.

ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂಬ ವಿಷಯದಲ್ಲಿ ಇಂಗ್ಲೆಂಡಿನ ಅನುಭವವೂ ತಿಳಿದುಕೊಳ್ಳುವಂತಹದು. ಅಲ್ಲಿನ ಮನೆಗಳಲ್ಲಿ ಚಳಿಗೆ ಹಚ್ಚಿದ ಬೆಂಕಿಗೆ ಬಟ್ಟೆ ತಗುಲಿ ಪುಟ್ಟ ಮಕ್ಕಳು ಸುಟ್ಟು ಸಾಯುವುದು ಬಹುಕಾಲದ ಪೀಡೆಯಾಗಿದ್ದಿತು. ೧೯೦೮ರ ಮಕ್ಕಳ ಕಾಯಿದೆಯಲ್ಲಿ ಇದಕ್ಕೆ ಪರಿಹಾರವೆಂದು ಮಾಡಿದುದೇನು? ಕಾವಲಿನ ಜಾಲರಿಯಿಲ್ಲದ ಬೆಂಕಿಯ ಬಳಿ ಏಳು ವರ್ಷದೊಳಗಿನ ಮಗುವನ್ನು ಬಿಟ್ಟು ಅದಕ್ಕೆ ಅಪಾಯವಾದರೆ, ಅದನ್ನು ಸಾಕುವವರಿಗೆ ಜುಲ್ಮಾನೆ. ಮಗುವನ್ನು ಕಳೆದುಕೊಂಡ ತಾಯಿಗೆ ಜುಲ್ಮಾನೆ ಹಾಕಿ ಮುಂದಿನ ಮಗುವನ್ನು ಉಳಿಸುವ ಈ ಉಪಾಯವು ಫಲಿಸಲಿಲ್ಲವೆಂದು ಹೇಳಬೇಕಾದುದಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಸುಟ್ಟಗಾಯಗಳ ಚಿಕಿತ್ಸೆಯಲ್ಲಿ ಹೆಸರಾದ ಲೆನಾರ್ಡ್ ಕೋಲ್‌ಬ್ರೂಕ್ ಎಂಬ ವೈದ್ಯನು, ತನ್ನ ಆಸ್ಪತ್ರೆಗೆ ಬಂದ ಸಂಗತಿಗಳನ್ನು ಮುಂದಿಟ್ಟುಕೊಂಡು, ಈ ಗಾಯಗಳಲ್ಲಿ ಬಹುಪಾಲು ತಡೆಯಬಹುದಾದುವು ಎಂದು ಎಡೆಬಿಡದೆ ವಾದಿಸಿದನು. ೧೯೫೨ರಲ್ಲಿ ಕಾನೂನಾಯಿತು: ಕಾವಲಿನ ಜಾಲರಿಯನ್ನು ಜೋಡಿಸದೆ ಗ್ಯಾಸ್, ವಿದ್ಯುತ್ ಅಥವಾ ಎಣ್ಣೆಯ ಹೀಟರನ್ನು ಮಾರುವುದೇ ಅಪರಾಧ. ೧೯೬೪ರಲ್ಲಿ, ಬೇಗನೆ ಹೊತ್ತಿಕೊಳ್ಳುವ ಬಟ್ಟೆಯಿಂದ ಮಕ್ಕಳ ರಾತ್ರಿಯ ಅಂಗಿಯನ್ನು ಮಾಡಕೂಡದೆಂದು ಇನ್ನೊಂದು ನಿಯಮ. ತಾಯಿಯ ಮೇಲಿದ್ದ ಹೊರೆಯು ಅಂಗಡಿಕಾರನ ಮೇಲೆ, ಕಾರಖಾನೆಯವನ ಮೇಲೆ ಬರಲು ೪೪ ವರ್ಷ ಹಿಡಿಯಿತು.

ಈಗ ನಮ್ಮ ದೇಶದ ಕಡೆಗೆ ಬರೋಣ. ಚಳಿಯೆಂಬುದರ ನಿಜವಾದ ಅರ್ಥವನ್ನು ತಿಳಿದ ಪ್ರಾಂತವೆಂದರೆ ಕಾಶ್ಮೀರ. ಡಿಸೆಂಬರ್ ೨೧ರಿಂದ ಮುಂದಿನ ನಲವತ್ತು ದಿನಗಳ ಕಡುಚಳಿಗೆ ಅಲ್ಲಿನವರು ಚಿಲ್ಲೈ ಕಲಾನ್ ಎಂದು ಹೆಸರಿಟ್ಟಿದ್ದಾರೆ. ಕಡ್ಡಿಯ ಬುಟ್ಟಿಯೊಳಗೆ ಮಣ್ಣಿನ ಮಡಕೆ, ಮಡಕೆಯೊಳಗೆ ಕೆಂಡ. ಕಾಂಗಡಿ ಎಂಬ ಇದನ್ನು ನಿಲುವಂಗಿಯ ಒಳಗೆ ಹಿಡಿದುಕೊಂಡೇ ಅವರು ಕೆಲಸಕಾರ್ಯಗಳನ್ನು ನಡೆಸುತ್ತಾರೆ, ಕೆಲವರು ಅದನ್ನು ಹಾಸಿಗೆಗೂ ಒಯ್ಯುತ್ತಾರೆ. ಮನೆಯೊಳಗೆ ಬುಖಾರಿ ಎಂಬ ತಗಡಿನ ಒಲೆ. ಅದರ ಹೊಗೆಯ ಕೊಳವೆಯು ಗೋಡೆಯನ್ನೋ ಮಾಡನ್ನೋ ತೂರಿಕೊಂಡು ಹೊರಕ್ಕೆ ಹೋಗುತ್ತದೆ. ಹಸಿ ಸೌದೆಯನ್ನು ಮಂದವಾಗಿ ಉರಿಸಿದರೆ ಆ ಕೊಳವೆಯ ಒಳಮೈಗೆ ಟಾರಿನಂಥ ಜಿಗುಟು ಮಸಿ ಕಟ್ಟುತ್ತದೆ. ಒಂದು ದಿನ ಒಲೆಯು ಜೋರಾಗಿ ಉರಿದಾಗ ಆ ಮಸಿಯೇ ಹೊತ್ತಿಕೊಂಡು ಕೊಳವೆಯು ಕೆಂಪಗೆ ಕಾಯುತ್ತದೆ. ಸುತ್ತಲೂ ಮರದ ಮಾಡು. ಮರ ಇಟ್ಟಿಗೆಗಳಿಂದ ಕಟ್ಟಿದ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವ ಶ್ರೀನಗರದ ಹಳೆಯ ಕೇರಿಗಳಲ್ಲಿ, ಬೆಂಕಿಯ ಬಂಡಿಯೇ ಹೊಗಲಾರದ ಓಣಿಗಳಲ್ಲಿ, ಒಂದು ಮನೆಯ ಬೆಂಕಿಯು ಒಂದೇ ಮನೆಯಲ್ಲಿ ನಿಲ್ಲುವುದು ದೈವಾನುಗ್ರಹ.

ಹಾಗಾದರೆ ವಿದ್ಯುತ್ತಿನಿಂದಲೇ ಚಳಿಯನ್ನು ಕಳೆಯಬಾರದೇಕೆ ಎಂದು ಕೇಳಬಹುದು. ಅಲ್ಲಿಯೇ ಇದೆ ತೊಡಕು. ಚಳಿಗಾಲದಲ್ಲಿ ಹಿಮವು ಗಟ್ಟಿಯಾಗಿ ಹೊಳೆಗಳ ನೀರು ಇಳಿಯುವುದರಿಂದ ಆ ಪ್ರಾಂತದ ಜಲವಿದ್ಯುತ್ತು ಕುಗ್ಗುತ್ತದೆ; ಬೇಡಿಕೆಯು ಏರುವುದೂ ಆಗಲೇ. ಆದ್ದರಿಂದ ಸರದಿಯ ಮೇಲೆ ವಿದ್ಯುತ್ತನ್ನು ನಿಲ್ಲಿಸುತ್ತಾರೆ. ಹೀಟರು ಆರಿಹೋದಾಗ ಮನೆಯವರು ಕಾಂಗಡಿಯನ್ನು ತರುತ್ತಾರೆ, ಗ್ಯಾಸ್ ಹೀಟರನ್ನು ಹಚ್ಚುತ್ತಾರೆ. ಹೀಟರಿನ ಗುಂಡಿಯನ್ನು ತಿರುಗಿಸಲು ಮರೆತು, ಅದರ ಮೇಲೆ ಬಟ್ಟೆಯನ್ನೋ ಹೊದಿಕೆಯನ್ನೋ ಹಾಕಿ ಮಲಗುತ್ತಾರೆ. ನಡುರಾತ್ರಿಯಲ್ಲಿ ವಿದ್ಯುತ್ತು ಮರಳಿ ಬರುತ್ತದೆ. ಇದನ್ನೂ ಅಜಾಗರೂಕತೆಯೆಂದು ಬರೆದುಕೊಳ್ಳುವುದು ಸುಲಭ. ೨೦೨೫ರ ಜನವರಿಯ ಮೊದಲ ವಾರದಲ್ಲಿ ಶ್ರೀನಗರದ ಪಾಂದ್ರೇಠನ್ ಭಾಗದ ಬಾಡಿಗೆ ಮನೆಯೊಂದರಲ್ಲಿ ಗಂಡಹೆಂಡಿರೂ ಮೂವರು ಮಕ್ಕಳೂ ಉಸಿರುಕಟ್ಟಿ ಸತ್ತರು. ಚಳಿಗೆ ಇಟ್ಟುಕೊಂಡ ಸಾಧನದಿಂದಲೇ ಹಾಗಾಯಿತೆಂದು ವರದಿಗಳು ಬಂದುವು.

ಕನ್ನಡಿಗರಿಗೆ ಇದರಿಂದ ಏನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ನಾಡಿನ ಚಳಿ ಕಂಬಳಿಯಲ್ಲಿಯೇ ಕಳೆಯುವಂಥದು, ನಿಜ. ಮಲೆನಾಡಿನಲ್ಲಿ ಬಚ್ಚಲ ಒಲೆಯ ಮುಂದೆ ಕುಳಿತು ಮೈ ಕಾಯಿಸಿಕೊಳ್ಳುವ ಸುಖವನ್ನು ಬಲ್ಲವರು ಬಲ್ಲರು. ಆದರೆ ಆ ಒಲೆಯ ಮೇಲೆ ಹೆಂಚಿನ ಮಾಡು ಇದ್ದಿತು, ಹೆಂಚುಗಳ ನಡುವೆ ಸಂದುಗಳಿದ್ದುವು, ಗೋಡೆಯಲ್ಲಿ ಗವಾಕ್ಷಿ ಇದ್ದಿತು; ಹೊಗೆಯು ಕಣ್ಣನ್ನು ಉರಿಸಿ ಹೊರಗೆ ಹೋಗುತ್ತಿದ್ದಿತು, ಅದರ ಜೊತೆಗೆ ಕಣ್ಣಿಗೆ ಕಾಣದ ವಿಷವೂ ಹೋಗುತ್ತಿದ್ದಿತು. ಈಗ ಅದೇ ಕೆಂಡವನ್ನು ಗಾಜಿನ ಕಿಟಕಿಯ, ಕಾಂಕ್ರೀಟಿನ ಚಾವಣಿಯ ಕೋಣೆಗೆ ತಂದಿದ್ದೇವೆ. ಇದ್ದಿಲಿನ ಕೆಂಡಕ್ಕೆ ಹೊಗೆಯಿಲ್ಲ, ಆದುದರಿಂದ ಅಪಾಯವಿಲ್ಲ ಎಂಬುದು ಜನರ ಭಾವನೆ. ಹೊಗೆಯಿಲ್ಲದಿರುವುದೇ ಅದರ ಮೋಸ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಹುಟ್ಟುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ರಕ್ತದ ಹಿಮೋಗ್ಲೋಬಿನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮೀರಿದ ಬಲದಿಂದ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು; ನಿದ್ರೆಯಲ್ಲಿದ್ದವನಿಗೆ ಈ ಸೂಚನೆಗಳೂ ತಿಳಿಯವು. ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರನ್ನು ಇರಿಸಿ ಕಿಟಕಿಯನ್ನು ಮುಚ್ಚಿಕೊಂಡು ಬೆಂಗಳೂರಿನಲ್ಲಿಯೂ ಜನರು ಸತ್ತಿದ್ದಾರೆ. ಅದೂ ಇದೇ ವಿಷ.

ಬಿಸಿಲಿನ ನಾಡಿನವರು ಚಳಿಯ ನಾಡಿಗೆ ಹೋದಾಗ ಈ ಅಪಾಯವು ಇಮ್ಮಡಿಯಾಗುತ್ತದೆ. ೨೦೨೦ರ ಜನವರಿಯಲ್ಲಿ ನಮ್ಮ ನೆರೆಯ ಕೇರಳದಿಂದ ನೇಪಾಳಕ್ಕೆ ಹೋದ ೧೫ ಮಂದಿ ಪ್ರವಾಸಿಗರು ಪೋಖರಾದಿಂದ ಹಿಂದಿರುಗುತ್ತ, ಬೆಟ್ಟದ ಮೇಲಣ ದಾಮನ್ ಎಂಬ ಊರಿನ ವಸತಿಗೃಹದಲ್ಲಿ ರಾತ್ರಿ ತಂಗಿದರು. ಅವರಲ್ಲಿ ಎಂಟು ಮಂದಿ, ಎರಡು ದಂಪತಿಗಳೂ ನಾಲ್ವರು ಮಕ್ಕಳೂ, ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರನ್ನು ಹಚ್ಚಿ, ಕಿಟಕಿಗಳನ್ನು ಮುಚ್ಚಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಮಲಗಿದರು. ಆ ಎಂಟು ಮಂದಿಯೂ ಬದುಕಲಿಲ್ಲ. ಆ ಹೀಟರಿನ ಗುಣದೋಷಗಳು ಹುಟ್ಟಿನಿಂದ ಸೆಕೆಯನ್ನೇ ಕಂಡವರಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದವರು ಕೋಣೆಯನ್ನು ಬಾಡಿಗೆಗೆ ಕೊಟ್ಟವರು.

ಇಲ್ಲಿ ಒಂದು ಗೊಂದಲಕ್ಕೆ ಆಸ್ಪದವಿದೆ. ಬ್ರಾಂಕ್ಸಿನಲ್ಲಿ ಬಾಗಿಲು ತೆರೆದುದರಿಂದ ಸತ್ತರು, ದಾಮನ್ನಿನಲ್ಲಿ ಮುಚ್ಚಿದುದರಿಂದ ಸತ್ತರು. ಹಾಗಾದರೆ ಬಾಗಿಲನ್ನು ಏನು ಮಾಡಬೇಕು? ಉತ್ತರವು ಕಠಿಣವಲ್ಲ. ಕೋಣೆಯೊಳಗೆ ಇದ್ದಿಲು, ಸೌದೆ, ಸೀಮೆಎಣ್ಣೆ, ಗ್ಯಾಸ್, ಯಾವುದೇ ಆಗಲಿ ಉರಿಯುತ್ತಿರುವಾಗ ಹೊರಗಣ ಗಾಳಿಗೆ ಕಿಂಡಿಯು ತೆರೆದಿರಬೇಕು, ಮತ್ತು ಮಲಗುವ ಮುಂಚೆ ಅದನ್ನು ನಂದಿಸಿ ಹೊರಗಿಡಬೇಕು. ವಿದ್ಯುತ್ತಿನ ಹೀಟರಿಗೆ ಆ ಕಿಂಡಿಯ ಅವಶ್ಯಕತೆಯಿಲ್ಲ. ಆದರೆ ಎಲ್ಲಿಯಾದರೂ ಬೆಂಕಿ ಎದ್ದು ಓಡಿಹೋಗುವಾಗ ಬೆನ್ನ ಹಿಂದಣ ಬಾಗಿಲನ್ನು ಎಳೆದುಕೊಂಡು ಹೋಗಬೇಕು.

ವಿದ್ಯುತ್ ಹೀಟರಿನ ವಿಷಯದಲ್ಲಿ ಒಂದು ಲೆಕ್ಕವನ್ನು ಗೃಹಸ್ಥರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ೨,೦೦೦ ವ್ಯಾಟಿನ ಹೀಟರು ೨೩೦ ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೆ ಸಮೀಪವಾದ ಪ್ರವಾಹವನ್ನು ಎಳೆಯುತ್ತದೆ. ದೀಪ, ಫ್ಯಾನುಗಳಿಗೆಂದು ಹಾಕಿದ ಸಾಮಾನ್ಯ ಸಾಕೆಟ್ಟು ತಡೆಯುವುದು ಆರು ಆಂಪಿಯರನ್ನು. ಅದಕ್ಕೊಂದು ತೆಳುವಾದ ಎಕ್ಸ್‌ಟೆನ್ಷನ್ ತಂತಿಯನ್ನು ಸಿಕ್ಕಿಸಿ, ಜಮಖಾನೆಯ ಕೆಳಗೆ ಹಾಯಿಸಿ, ರಾತ್ರಿಯಿಡೀ ಉರಿಸಿದರೆ, ಹೀಟರಿಗಿಂತ ಮುಂಚೆ ತಂತಿಯೇ ಕೋಣೆಯನ್ನು ಕಾಯಿಸುತ್ತದೆ. ಮೀಟರಿನ ಬಳಿ ಎಂಸಿಬಿ ಇದೆಯಲ್ಲ ಎಂದು ಅನೇಕರು ಧೈರ್ಯದಿಂದಿರುತ್ತಾರೆ. ಆ ಯಂತ್ರವು ಪ್ರವಾಹದ ಪ್ರಮಾಣವನ್ನು ಮಾತ್ರ ಅಳೆಯಬಲ್ಲುದು. ಹದಿನಾರು ಆಂಪಿಯರಿಗೆ ಬೀಳುವ ಎಂಸಿಬಿಯು ಒಂಬತ್ತು ಆಂಪಿಯರಿನಲ್ಲಿ ಕರಗುತ್ತಿರುವ ತೆಳುತಂತಿಯನ್ನು ಕಂಡೂ ಸುಮ್ಮನಿರುತ್ತದೆ. ಸಾಕೆಟ್ಟಿನಲ್ಲಿ ಪ್ಲಗ್ಗು ಸಡಿಲವಾಗಿ ಕುಳಿತಿದ್ದರಂತೂ ಆ ಒಂದು ಬಿಂದುವಿನಲ್ಲಿಯೇ ಬಿಸಿಯು ಹೆಚ್ಚುತ್ತ ಹೋಗುತ್ತದೆ. ಪ್ಲಗ್ಗನ್ನು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಆರಿಸಿಬಿಡುವುದು, ಹಾಸಿಗೆ ಪರದೆಗಳಿಂದ ಒಂದು ಮೀಟರಾದರೂ ದೂರ ಇಡುವುದು, ದಪ್ಪನೆಯ ಪಿನ್ನಿನ ೧೬ ಆಂಪಿಯರಿನ ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕುವುದು: ಇವಿಷ್ಟು ಮನೆಯವರ ಕೈಯಲ್ಲಿರುವುವು, ಇವನ್ನು ಮಾಡದವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬಾಡಿಗೆ ಕೋಣೆಯಲ್ಲಿರುವವನಿಗೆ ಆ ೧೬ ಆಂಪಿಯರಿನ ಸಾಕೆಟ್ಟನ್ನು ಹಾಕಿಸಿಕೊಡುವವರು ಯಾರು?

ಸರಕಾರದ ಕಡೆಯಿಂದ ಆಗಿರುವುದೇನೆಂದು ನೋಡಿದರೆ, ಕಾಗದದ ಮೇಲೆ ಕೊರತೆಯಿಲ್ಲ. ಕೋಣೆಯನ್ನು ಕಾಯಿಸುವ ವಿದ್ಯುತ್ ಹೀಟರಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಇರಬೇಕೆಂಬ ನಿಯಮವಿದೆ. ಬೀದಿಬದಿಯ ಅಂಗಡಿಗಳಲ್ಲಿ ಬೋಳುತಂತಿಯ ಸುರುಳಿಯನ್ನು ಮಣ್ಣಿನ ತಟ್ಟೆಗೆ ಸುತ್ತಿದ ಹೀಟರುಗಳನ್ನೂ ಮಾರುತ್ತಾರೆ. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಾಗಿಲು, ಮೆಟ್ಟಿಲು, ಹೊಗೆ ಇವುಗಳ ವಿಷಯವಾಗಿ ವಿಸ್ತಾರವಾದ ಪ್ರಕರಣಗಳಿವೆ. ಆದರೆ ಅದು ಸಲಹೆಯ ಸ್ವರೂಪದ್ದು. ಪ್ರಾಂತಗಳು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡರೆ ಮಾತ್ರ ಕಾನೂನು. ಅದರ ಕಟ್ಟುನಿಟ್ಟಿನ ಭಾಗವೂ ಮುಖ್ಯವಾಗಿ ೧೫ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಎತ್ತರದ ಕಟ್ಟಡಗಳಿಗೆ. ನಮ್ಮಲ್ಲಿ ಚಳಿಗೆ ಸಾಯುವವರು ಹದಿನೈದು ಮೀಟರಿನ ಕೆಳಗೆ, ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಕಾವಲುಗಾರನ ಗೂಡಿನಲ್ಲಿ, ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಗುಡಿಸಲಿನಲ್ಲಿ ಸಾಯುತ್ತಾರೆ. ಅಲ್ಲಿಗೆ ಯಾವ ಪರೀಕ್ಷಕನೂ ಹೋಗುವುದಿಲ್ಲ.

೧೯೯೨ರ ೭೪ನೆಯ ತಿದ್ದುಪಡಿಯಿಂದ ಅಗ್ನಿಶಾಮಕ ಸೇವೆಯು ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ, ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಸಾಲಿನಲ್ಲಿ ಸೇರಿದೆ. ೧೫ನೆಯ ಹಣಕಾಸು ಆಯೋಗದ ಶಿಫಾರಸಿನಂತೆ ಪ್ರಾಂತಗಳ ಅಗ್ನಿಶಾಮಕ ದಳಗಳ ಸುಧಾರಣೆಗೆ ೫,೦೦೦ ಕೋಟಿ ರೂಪಾಯಿಗಳನ್ನು ಕೇಂದ್ರ ಸರಕಾರವು ಗೊತ್ತುಮಾಡಿತು. ಬಂಡಿಗಳು, ಏಣಿಗಳು, ಠಾಣೆಗಳು ಬೇಕೇ ಬೇಕು; ಅವನ್ನು ಆಕ್ಷೇಪಿಸುವುದಿಲ್ಲ. ಆದರೆ ಇಂಗಾಲದ ವಿಷದಿಂದ ಮಲಗಿದಲ್ಲಿಯೇ ಸತ್ತವನಿಗೆ ಏಣಿಯಿಂದ ಉಪಯೋಗವಿಲ್ಲ. ಆ ಹಣದ ಒಂದು ಸಣ್ಣ ಅಂಶದಿಂದ ಪ್ರತಿಯೊಂದು ಶೀತಪ್ರದೇಶದ ನಗರಸಭೆಯೂ ಚಳಿಗೆ ಮುಂಚೆ, ಅಕ್ಟೋಬರಿನಲ್ಲಿ, ಬುಖಾರಿಯ ಕೊಳವೆಗಳನ್ನು ತೊಳೆಸಿ ತಂತಿಗಳನ್ನು ನೋಡುವ ಒಂದೊಂದು ತಂಡವನ್ನು ಕೇರಿಗಳಿಗೆ ಕಳುಹಿಸಬಹುದು. ಇದು ಹೊಸ ಇಲಾಖೆಯನ್ನು ಕೇಳುವ ಕೆಲಸವಲ್ಲ.

ದೆಹಲಿಯಲ್ಲಿ ಒಂದು ಒಳ್ಳೆಯ ನಿಯಮವು ಬೇರೊಂದು ಕಾರಣದಿಂದ ಬಂದಿದೆ. ಚಳಿಗಾಲದ ಧೂಮವನ್ನು ತಡೆಯಲು, ಕಾವಲುಗಾರರು ಕಸಕಡ್ಡಿ ಸುಡದಂತೆ ವಸತಿಸಂಘಗಳು ಅವರಿಗೆ ವಿದ್ಯುತ್ ಹೀಟರುಗಳನ್ನು ಒದಗಿಸಬೇಕೆಂದು ವಾಯುಗುಣಮಟ್ಟದ ಆಯೋಗವು ವಿಧಿಸಿದೆ. ಬಂಗಲೆಯಲ್ಲಿರುವವರ ಶ್ವಾಸಕೋಶಕ್ಕಾಗಿ ಮಾಡಿದ ಈ ನಿಯಮದಿಂದ ಬಾಗಿಲಲ್ಲಿರುವವನ ಜೀವವೂ ಉಳಿಯುವುದಾದರೆ ನಾವು ಕಾರಣವನ್ನು ಕೇಳಬೇಕಾದುದಿಲ್ಲ. ಹೀಟರಿನ ಜೊತೆಗೆ ಅದಕ್ಕೆ ತಕ್ಕ ಸಾಕೆಟ್ಟನ್ನೂ ಆ ಗೂಡಿನಲ್ಲಿ ಹಾಕಿಸಿದ್ದಾರೆಯೇ ಎಂಬುದನ್ನು ಸಂಘದ ಕಾರ್ಯದರ್ಶಿಗಳು ಒಮ್ಮೆ ಹೋಗಿ ನೋಡಿದರೆ ಸಾಕು.

ನಮ್ಮ ನಾಡಿನಿಂದ ಈ ತಿಂಗಳುಗಳಲ್ಲಿ ಮನಾಲಿಗೆ, ಗುಲ್ಮಾರ್ಗಿಗೆ, ನೇಪಾಳಕ್ಕೆ ಸಾವಿರಾರು ಸಂಸಾರಗಳು ಹೋಗುತ್ತವೆ. ದೆಹಲಿಯಲ್ಲಿ ಓದುವ ಹುಡುಗರು ಬಾಡಿಗೆ ಕೋಣೆಗಳಲ್ಲಿದ್ದಾರೆ. ಪ್ರವಾಸದ ಏರ್ಪಾಡು ಮಾಡುವ ಸಂಸ್ಥೆಗಳು ಕೋಣೆಯಿಂದ ಕಾಣುವ ಹಿಮದ ಬೆಟ್ಟವನ್ನು ವರ್ಣಿಸುವಾಗ, ಕೋಣೆಯೊಳಗಣ ಹೀಟರು ಗ್ಯಾಸಿನದೋ ವಿದ್ಯುತ್ತಿನದೋ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಲಿ. ಗ್ಯಾಸಿನದಾದರೆ ಅದರ ಹೊಗೆ ಹೊರಹೋಗಲು ಕೊಳವೆ ಇದೆಯೇ, ಮಕ್ಕಳು ಮಲಗುವ ಹೊತ್ತಿಗೆ ಅದನ್ನು ಆರಿಸಿದರೆ ಬೇರೆ ಹೊದಿಕೆಗಳನ್ನು ಕೊಡುವರೇ ಎಂದು, ಮುಂಗಡದ ಹಣ ಕಟ್ಟುವುದಕ್ಕೆ ಮೊದಲೇ ಕೇಳಲು ನಮ್ಮವರು ಸಂಕೋಚಪಡಬಾರದು.